ರಕ್ತ ಕೊಟ್ಟ ಹಿರಿಯರಿಗೆ ಉತ್ತರ ಕೊಡಿ: ಮುಪ್ಪಿನ ಸಂಶೋಧಕರಿಗೆ ಒಂದು ಬಹಿರಂಗ ಪತ್ರ

ನಮ್ಮೂರಿನ ಹಿರಿಯರ ರಕ್ತದ ಮಾದರಿಗಳನ್ನು ಪಡೆದುಕೊಂಡು ಹೋದ ಮುಪ್ಪಿನ ಜೀವವಿಜ್ಞಾನ ಅಧ್ಯಯನದ ಪ್ರಧಾನ ಸಂಶೋಧಕರಿಗೆ ಹಾಗೂ ಆ ಅಧ್ಯಯನಕ್ಕೆ ಅನುಮತಿ ನೀಡಿದ ನೈತಿಕ ಪರಿಶೀಲನಾ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ಸವಿನಯ ವಂದನೆಗಳು.

ನಾನು ಸಕಲೇಶಪುರ ತಾಲ್ಲೂಕಿನ ಘಟ್ಟದಂಚಿನ ಒಂದು ಹಳ್ಳಿಯವಳು. ಹಾಸನ ಜಿಲ್ಲೆಯ ಸರ್ಕಾರಿ ಪದವಿಪೂರ್ವ ಕಾಲೇಜುಗಳಲ್ಲಿ 31 ವರ್ಷ ಜೀವಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೆ ತವರಿಗೆ ಬಂದು ಅವ್ವನ ಜೊತೆ ಇದ್ದೇನೆ. ಎರಡು ವರ್ಷದ ಹಿಂದೆ, ಸ್ವಾತಿ ಮಳೆ ಬಿಟ್ಟು ಬಿಟ್ಟು ಬರುತ್ತಿದ್ದ ದಿನಗಳಲ್ಲಿ, ತಮ್ಮ ತಂಡದ ಐದು ಮಂದಿ ನಮ್ಮೂರಿನ ಶಾಲೆಯ ಜಗಲಿಯಲ್ಲಿ ಎರಡು ದಿನ ಶಿಬಿರ ನಡೆಸಿ, 60 ವರ್ಷ ದಾಟಿದ 34 ಮಂದಿಯ ರಕ್ತ ತೆಗೆದುಕೊಂಡು ಹೋದರು. ಮೂರು ತಿಂಗಳಲ್ಲಿ ವರದಿ ಕೈಸೇರುತ್ತದೆ ಎಂದು ಹೇಳಿ ಹೋದರು. ಇಂದಿನವರೆಗೆ ಒಬ್ಬರಿಗೂ ಒಂದು ಸಾಲಿನ ವರದಿ ಬಂದಿಲ್ಲ.

ಈ ವಿಷಯವಾಗಿ ನಾನು ತಮ್ಮ ಕಚೇರಿಗೆ ಎರಡು ಬಾರಿ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಬರೆದೆ, ಮೂರು ಬಾರಿ ಇಮೇಲ್ ಕಳುಹಿಸಿದೆ. ಒಂದೇ ಒಂದು ಉತ್ತರ ಬಂತು. ಮಾದರಿಗಳನ್ನು ಒಟ್ಟಾಗಿ ವಿಶ್ಲೇಷಿಸಲಾಗುತ್ತಿದೆ, ಒಬ್ಬೊಬ್ಬರಿಗೆ ಪ್ರತ್ಯೇಕ ವರದಿ ಕೊಡುವ ವ್ಯವಸ್ಥೆ ಈ ಯೋಜನೆಯಲ್ಲಿ ಇಲ್ಲ ಎಂಬ ಎರಡು ಸಾಲು. ಹಾಗಿದ್ದ ಮೇಲೆ ಮೂರು ತಿಂಗಳ ಮಾತನ್ನು ಯಾರು, ಯಾವ ಅಧಿಕಾರದಿಂದ ಕೊಟ್ಟರು ಎಂದು ಮರಳಿ ಕೇಳಿದ್ದಕ್ಕೆ ಉತ್ತರವಿಲ್ಲ. ಆದ್ದರಿಂದ ಈ ಬಹಿರಂಗ ಪತ್ರ. ತಮ್ಮ ಹೆಸರನ್ನಾಗಲಿ ಸಂಸ್ಥೆಯ ಹೆಸರನ್ನಾಗಲಿ ನಾನು ಇಲ್ಲಿ ಬರೆದಿಲ್ಲ. ತಮ್ಮನ್ನು ನಾಲ್ಕು ಜನರ ಮುಂದೆ ನಿಲ್ಲಿಸುವುದು ನನ್ನ ಉದ್ದೇಶವಲ್ಲ. ನಮ್ಮೂರಿನವರ ರಕ್ತಕ್ಕೆ ಉತ್ತರ ಸಿಗಬೇಕು, ಮುಂದೆ ಬೇರೆ ಊರಿಗೆ ಹೋಗುವ ತಂಡಗಳು ಹೀಗೆ ಮಾಡಬಾರದು, ಇಷ್ಟೇ ನನ್ನ ಬೇಡಿಕೆ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ಈ ಸಂಶೋಧನೆಯ ಬಗ್ಗೆ ನನಗೆ ಅಸಡ್ಡೆಯಿಲ್ಲ, ಇರುವುದು ಪ್ರೀತಿ. ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಎಂಬ ಇಬ್ಬರು ವಿಜ್ಞಾನಿಗಳು 1961ರಲ್ಲಿ ಮನುಷ್ಯನ ಜೀವಕೋಶಗಳು 40ರಿಂದ 60 ಸಲ ವಿಭಜನೆಗೊಂಡು ಆಮೇಲೆ ನಿಂತುಬಿಡುತ್ತವೆ ಎಂದು ತೋರಿಸಿದ ಕಥೆಯನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಿದ್ದೆ. ಅದಕ್ಕೂ ಮೊದಲು ದಶಕಗಳ ಕಾಲ, ಗಾಜಿನ ಪಾತ್ರೆಯಲ್ಲಿ ಸಾಕಿದ ಜೀವಕೋಶಗಳಿಗೆ ಸಾವೇ ಇಲ್ಲವೆಂಬ ವಿಜ್ಞಾನಿ ಅಲೆಕ್ಸಿಸ್ ಕ್ಯಾರೆಲ್ ಅವರ ಮಾತನ್ನು ಜಗತ್ತು ನಂಬಿತ್ತು. ದೊಡ್ಡವರು ಹೇಳಿದ್ದನ್ನು ಹಾಗೆಯೇ ಒಪ್ಪಿಕೊಳ್ಳದೆ ತಾಳ್ಮೆಯಿಂದ ಎಣಿಸಿ ನೋಡಿದ್ದರಿಂದ ಸತ್ಯ ಹೊರಬಂತು ಎಂದು ಮಕ್ಕಳಿಗೆ ಹೇಳುವಾಗ ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತಿತ್ತು. ಒಂದೇ ಒಂದು ವಂಶವಾಹಿಯನ್ನು ಬದಲಿಸಿದರೆ ಒಂದು ಮಿಲಿಮೀಟರ್ ಉದ್ದದ ದುಂಡುಹುಳು ಎರಡರಷ್ಟು ಕಾಲ ಬದುಕುತ್ತದೆ ಎಂದು 1993ರಲ್ಲಿ ಸಿಂಥಿಯಾ ಕೆನ್ಯನ್ ತೋರಿಸಿದರು. ವರ್ಣತಂತುಗಳ ತುದಿಯಲ್ಲಿರುವ ಟೆಲೊಮಿಯರ್‌ಗಳ ರಹಸ್ಯಕ್ಕೆ 2009ರಲ್ಲಿ ನೊಬೆಲ್ ಬಂತು. ಇವೆಲ್ಲ ನನ್ನ ಪಾಠದ ಭಾಗಗಳಾಗಿದ್ದವು. ಹಾಗಾಗಿಯೇ ತಮ್ಮ ತಂಡ ಬರುತ್ತದೆಂದು ಆಶಾ ಕಾರ್ಯಕರ್ತೆ ತಿಳಿಸಿದಾಗ ಮನೆ ಮನೆಗೆ ಹೋಗಿ ಜನರನ್ನು ಒಪ್ಪಿಸಿದವಳು ನಾನೇ. ಈಗ ಆ ಜನ ದಾರಿಯಲ್ಲಿ ಸಿಕ್ಕಾಗ ಕೇಳುವುದೂ ನನ್ನನ್ನೇ.

ಆ ಎರಡು ದಿನ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಅವ್ವನ ಸರದಿ ಬಂದಾಗ ಚಿಕ್ಕ ವಯಸ್ಸಿನ ಒಬ್ಬ ಸಂಶೋಧಕಿ, ನೋಡಲು ಬಹಳ ಒಳ್ಳೆಯ ಹುಡುಗಿ, ಅವಳ ಬಲಗೈಗೆ ಹಿಡಿತದ ಬಲ ಅಳೆಯುವ ಉಪಕರಣವನ್ನು ಕೊಟ್ಟು, ಆದಷ್ಟು ಗಟ್ಟಿಯಾಗಿ ಅದುಮಿ ಅಜ್ಜಿ ಎಂದಳು. ಅರವತ್ತು ಸುಗ್ಗಿ ಕಾಫಿ ಹಣ್ಣು ಕೊಯ್ದ ಕೈ ಅದು. ಹೆಬ್ಬೆರಳಿನ ಉಗುರಿನ ಬುಡ ಇಂದಿಗೂ ಕಪ್ಪಾಗಿದೆ. ಅವ್ವ ತುಟಿ ಕಚ್ಚಿಕೊಂಡು ಅದುಮಿದಳು. ಹುಡುಗಿ ಹಾಳೆಯಲ್ಲಿ ಬರೆದುಕೊಂಡಳು. "ಎಷ್ಟು ಬಂತು ಮಗಾ?" ಎಂದು ಅವ್ವ ಕೇಳಿದಳು. "ಹದಿನಾರು ಅಜ್ಜಿ." "ಹದಿನಾರು ಅಂದ್ರೆ ಒಳ್ಳೇದಾ, ಕೆಟ್ಟದ್ದಾ?" "ರಿಪೋರ್ಟಲ್ಲಿ ಬರುತ್ತೆ ಅಜ್ಜಿ."

ಆಮೇಲೆ ನೆನಪಿನ ಶಕ್ತಿಯ ಪರೀಕ್ಷೆ. ಇದು ಯಾವ ತಿಂಗಳು ಎಂಬ ಪ್ರಶ್ನೆಗೆ ಅವ್ವ, ಸ್ವಾತಿ ಮಳೆ ನಡೀತಿದೆ, ಇನ್ನು ನಾಲ್ಕು ದಿನಕ್ಕೆ ವಿಶಾಖ ಹುಟ್ಟುತ್ತೆ ಎಂದಳು. ಹುಡುಗಿ ಮತ್ತೊಮ್ಮೆ, ತಿಂಗಳು ಹೇಳಿ ಅಜ್ಜಿ ಎಂದಳು. ಅವ್ವ ಸುಮ್ಮನಾದಳು. ಹಾಳೆಯ ಆ ಸಾಲಿನಲ್ಲಿ ಸೊನ್ನೆ ಬಿದ್ದದ್ದನ್ನು ನಾನು ಹಿಂದೆ ನಿಂತು ನೋಡಿದೆ. ಯಾವ ಮಳೆ ಎಂದು ಹುಟ್ಟುತ್ತದೆ, ಎಷ್ಟು ಪಾದ ಕಳೆದಿದೆ ಎಂದು ಬೆರಳೆಣಿಸಿ ಹೇಳಬಲ್ಲ ಹೆಂಗಸಿಗೆ ಕಾಲದ ಅರಿವಿಲ್ಲ ಎಂದು ತಮ್ಮ ದಾಖಲೆ ಈಗ ಹೇಳುತ್ತಿರಬೇಕು. ಬಳಿಕ ಗಡಿಯಾರದ ಚಿತ್ರ ಬರೆಯಲು ಪೆನ್ಸಿಲ್ ಕೊಟ್ಟರು. ಅವ್ವ ಹುಟ್ಟಿದಾರಭ್ಯ ಪೆನ್ಸಿಲ್ ಹಿಡಿದವಳಲ್ಲ. ಅವಳ ಹಿಂದೆ ಸಾಲಿನಲ್ಲಿ ಕುಳಿತಿದ್ದ ಹೆಂಗಸರಲ್ಲಿ ಹೆಚ್ಚಿನವರದೂ ಅದೇ ಸ್ಥಿತಿ. ಓದು ಬರಹ ಬಾರದವರ ಮಿದುಳಿನ ಆರೋಗ್ಯವನ್ನು ಅಳೆಯಲು ನಮ್ಮ ದೇಶದಲ್ಲಿಯೇ, ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ, ಹಿಂದಿ ಭಾಷಿಕರಿಗಾಗಿ ಬೇರೆ ಪ್ರಶ್ನಾವಳಿಯನ್ನು ದಶಕಗಳ ಹಿಂದೆಯೇ ರೂಪಿಸಿದ್ದಾರೆ ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಮಲೆನಾಡಿನ ಕನ್ನಡದವರಿಗೆ ಅಂಥದ್ದೊಂದನ್ನು ಸಿದ್ಧಪಡಿಸಿಕೊಳ್ಳದೆ ಬಂದಿರಿ.

ವಯಸ್ಸಿನ ವಿಷಯ ಇನ್ನೂ ದೊಡ್ಡದು. ಇದು ತಮ್ಮ ವಿಜ್ಞಾನದ ಬುಡಕ್ಕೇ ಸಂಬಂಧಿಸಿದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಅವ್ವನ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನಾಂಕ 1932ರ ಜನವರಿ 1 ಎಂದಿದೆ. ಅದು ಯಾರೋ ಅಂದಾಜಿಗೆ ಬರೆಸಿದ ವರ್ಷ. ದೇಶಕ್ಕೆ ಸ್ವಾತಂತ್ರ್ಯ ಬಂದಾಗ ತನಗೆ ಹಾಲುಹಲ್ಲು ಬೀಳುತ್ತಿತ್ತು, ಶಾಲೆಯ ಹತ್ತಿರ ಕೊಟ್ಟ ಮಂಡಕ್ಕಿಯನ್ನು ಮುಂದಿನ ಹಲ್ಲಿಲ್ಲದೆ ಅಗಿದೆ ಎಂದು ಅವ್ವ ನೂರು ಸಲ ಹೇಳಿದ್ದಾಳೆ. ಅಂದರೆ ಅವಳು ಹುಟ್ಟಿದ್ದು 1940ರ ಆಸುಪಾಸಿನಲ್ಲಿ. ತಮ್ಮ ತಂಡದವರು ಕಾರ್ಡು ನೋಡಿ 91 ಎಂದು ಬರೆದುಕೊಂಡರು, ಈ ವಯಸ್ಸಿನಲ್ಲೂ ಎಷ್ಟು ಚೆನ್ನಾಗಿ ನಡೆಯುತ್ತಾರೆ ನೋಡಿ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಆಗ ಅವಳಿಗಿದ್ದದ್ದು 83. ನಾನು ಅಲ್ಲಿಯೇ ಹೇಳಿದೆ. ದಾಖಲೆಯಲ್ಲಿರುವುದನ್ನೇ ಬರೆದುಕೊಳ್ಳಬೇಕು ಮೇಡಂ ಎಂಬ ಉತ್ತರ ಬಂತು. ಆ ಸಂಜೆ ಕುತೂಹಲಕ್ಕೆಂದು ಬಂದವರ ಕಾರ್ಡುಗಳನ್ನು ಕೇಳಿ ನೋಡಿದೆ. 34 ಮಂದಿಯಲ್ಲಿ 19 ಮಂದಿ ಜನವರಿ 1ರಂದೇ ಹುಟ್ಟಿದವರು. ಇನ್ನು ಐದು ಮಂದಿಯದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಹಾಕಿದ ಜೂನ್ 1. ಜನನ ಮರಣ ನೋಂದಣಿಗೆ ದೇಶಕ್ಕೆಲ್ಲ ಅನ್ವಯವಾಗುವ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕೂ ಮೊದಲು ಹುಟ್ಟಿದ ಹಳ್ಳಿಗರ ವಯಸ್ಸನ್ನು ಕಾರ್ಡಿನಿಂದ ಎತ್ತಿಕೊಂಡರೆ ಏನಾಗುತ್ತದೆ ಎಂಬುದನ್ನು ತಮಗೆ ನಾನು ಹೇಳಬೇಕೆ?

ಆದರೂ ಹೇಳುತ್ತೇನೆ, ಈ ಪತ್ರವನ್ನು ಓದುವ ಇತರರಿಗೆ ತಿಳಿಯಲಿ ಎಂದು. 2013ರಲ್ಲಿ ಸ್ಟೀವ್ ಹೊರ್ವಾತ್ ಎಂಬ ವಿಜ್ಞಾನಿ ಡಿಎನ್ಎಯ ಮೇಲೆ 353 ಜಾಗಗಳಲ್ಲಿ ಅಂಟಿರುವ ಮಿಥೈಲ್ ಎಂಬ ರಾಸಾಯನಿಕ ಗುರುತುಗಳನ್ನು ನೋಡಿ ಮನುಷ್ಯನ ವಯಸ್ಸನ್ನು ಅಂದಾಜಿಸುವ ಒಂದು ವಿಧಾನವನ್ನು ಪ್ರಕಟಿಸಿದರು. ಇದಕ್ಕೆ ಎಪಿಜೆನೆಟಿಕ್ ಗಡಿಯಾರ ಎಂಬ ಹೆಸರು ಬಂತು. ಗಡಿಯಾರ ಹೇಳುವ ವಯಸ್ಸು ನಿಜವಾದ ವಯಸ್ಸಿಗಿಂತ ಹೆಚ್ಚಿದ್ದರೆ ಮುಪ್ಪು ಬೇಗ ಬರುತ್ತಿದೆ ಎಂದೂ, ಕಡಿಮೆಯಿದ್ದರೆ ನಿಧಾನವಾಗಿದೆ ಎಂದೂ ಲೆಕ್ಕ. ಇಂಥ ಗಡಿಯಾರವನ್ನು ಮೊದಲು ಹೊಂದಿಸುವುದೇ ವಯಸ್ಸು ಖಚಿತವಾಗಿ ಗೊತ್ತಿರುವ ಜನರ ಮಾದರಿಗಳಿಂದ. ಈಗ ನಮ್ಮ ಅವ್ವನ ರಕ್ತವನ್ನು ಪರೀಕ್ಷಿಸಿ ಗಡಿಯಾರ 83 ಎಂದು ಸರಿಯಾಗಿಯೇ ಹೇಳಿತು ಎಂದುಕೊಳ್ಳೋಣ. ತಮ್ಮ ಹಾಳೆಯಲ್ಲಿ 91 ಎಂದಿದೆ. ಎಂಟು ವರ್ಷ ಎಳೆಯದಾದ ದೇಹ! ಅಕ್ಕಿರೊಟ್ಟಿಯಿಂದಲೋ ಕಾಫಿಯಿಂದಲೋ ಘಟ್ಟದ ಗಾಳಿಯಿಂದಲೋ ಮಲೆನಾಡಿನವರಿಗೆ ಮುಪ್ಪು ತಡವಾಗಿ ಬರುತ್ತದೆ ಎಂಬ ತೀರ್ಮಾನಕ್ಕೆ ಇಷ್ಟು ಸಾಕು. ಆ ತೀರ್ಮಾನ ನಿಂತಿರುವುದು ಮಾತ್ರ ಒಬ್ಬ ಅರ್ಜಿ ಬರಹಗಾರನ ಅಂದಾಜಿನ ಮೇಲೆ.

ಇದು ನನ್ನ ಊಹೆಯ ಭಯವಲ್ಲ. 2010ರಲ್ಲಿ ಜಪಾನ್ ಸರ್ಕಾರ ತನ್ನ ಕುಟುಂಬ ನೋಂದಣಿ ಪುಸ್ತಕಗಳನ್ನು ಪರಿಶೀಲಿಸಿದಾಗ, ನೂರು ದಾಟಿದವರೆಂದು ದಾಖಲಾಗಿದ್ದ 2 ಲಕ್ಷ 30 ಸಾವಿರಕ್ಕೂ ಹೆಚ್ಚು ಮಂದಿ ಎಲ್ಲಿದ್ದಾರೆಂಬುದೇ ತಿಳಿಯಲಿಲ್ಲ. ಅತಿ ದೀರ್ಘಾಯುಷಿಗಳು ಹೆಚ್ಚಿರುವ ಪ್ರದೇಶಗಳು ಬಹುಪಾಲು ಜನನ ದಾಖಲೆ ಸರಿಯಿಲ್ಲದ ಪ್ರದೇಶಗಳೇ ಎಂದು ತೋರಿಸಿದ ಸಾಲ್ ನ್ಯೂಮನ್ ಅವರ ಕೆಲಸಕ್ಕೆ 2024ರಲ್ಲಿ ಇಗ್ ನೊಬೆಲ್ ಬಹುಮಾನ ಬಂತು. ನಗಿಸುತ್ತಲೇ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಬಹುಮಾನ ಅದು. ಆಯುಸ್ಸನ್ನು ಅಧ್ಯಯನ ಮಾಡುವವರು ಮೊದಲು ವಯಸ್ಸನ್ನು ಸರಿಯಾಗಿ ಕೇಳಿ ತಿಳಿದುಕೊಳ್ಳಬೇಕಲ್ಲವೇ? ಗಾಂಧೀಜಿ ತೀರಿಕೊಂಡ ಸುದ್ದಿ ಬಂದಾಗ ನೀವು ದನ ಕಾಯುತ್ತಿದ್ದಿರೋ, ಅವ್ವನ ಸೊಂಟದ ಮೇಲಿದ್ದಿರೋ? ಮೊದಲ ಮಹಾಚುನಾವಣೆಯ ಹೊತ್ತಿಗೆ ನಿಮಗೆ ಮದುವೆಯಾಗಿತ್ತೇ? ಗೊರೂರಿನ ಅಣೆಕಟ್ಟಿನ ಕೆಲಸ ಮುಗಿದಾಗ ನಿಮ್ಮ ಹಿರಿಯ ಮಗಳಿಗೆ ಎಷ್ಟು ವರ್ಷ? ಹೀಗೆ ಹತ್ತು ಪ್ರಶ್ನೆ ಕೇಳಿದರೆ ನಮ್ಮೂರಿನ ಯಾರ ವಯಸ್ಸನ್ನೂ ಒಂದೆರಡು ವರ್ಷದ ಅಂತರದಲ್ಲಿ ಹಿಡಿಯಬಹುದು. ಒಬ್ಬೊಬ್ಬರಿಗೆ ಕಾಲು ಗಂಟೆಯ ಕೆಲಸ.

ಇನ್ನು ಒಪ್ಪಿಗೆ ಪತ್ರ. ಹನ್ನೊಂದು ಪುಟದ ಇಂಗ್ಲಿಷ್ ಪತ್ರ, ಕೊನೆಗೆ ಒಂದೇ ಪುಟದ ಕನ್ನಡ ಸಾರಾಂಶ. ಆ ಕನ್ನಡವೂ ಯಂತ್ರದಿಂದ ಅನುವಾದಿಸಿದಂತಿತ್ತು. ಮಾದರಿಗಳನ್ನು ಮುಂದಿನ ಅನಿರ್ದಿಷ್ಟ ಸಂಶೋಧನೆಗಳಿಗೆ ಬಳಸಬಹುದು, ಬೇರೆ ಸಂಸ್ಥೆಗಳೊಂದಿಗೆ ಹಂಚಿಕೊಳ್ಳಬಹುದು ಎಂಬ ಎರಡು ಮುಖ್ಯ ವಾಕ್ಯಗಳು ಇಂಗ್ಲಿಷಿನ ಏಳನೆಯ ಪುಟದಲ್ಲಿದ್ದವು, ಕನ್ನಡದಲ್ಲಿ ಇರಲಿಲ್ಲ. ಯಾರಿಗೂ ಓದಿ ಹೇಳಲಿಲ್ಲ. 34ರಲ್ಲಿ 21 ಮಂದಿ ಹೆಬ್ಬೆಟ್ಟು ಒತ್ತಿದರು. ಸಾಕ್ಷಿಯ ಜಾಗದಲ್ಲಿ ತಮ್ಮ ತಂಡದ ಡ್ರೈವರ್ ಸಹಿ ಹಾಕಿದರು. ಅಂದು ಏಳನೆಯ ಪುಟವನ್ನು ನಾನು ಓದಿದ್ದು ಎಲ್ಲ ಮುಗಿದ ಮೇಲೆ, ಅವ್ವನ ಪ್ರತಿಯನ್ನು ಮನೆಗೆ ತಂದು ದೀಪದ ಕೆಳಗೆ ಕೂತಾಗ. ಮೊದಲೇ ಓದಬೇಕಿತ್ತು. ಜನರನ್ನು ಒಪ್ಪಿಸಿದವಳು ನಾನಾದ್ದರಿಂದ ಈ ತಪ್ಪಿನಲ್ಲಿ ನನ್ನ ಪಾಲನ್ನು ನಾನು ಒಪ್ಪಿಕೊಳ್ಳುತ್ತೇನೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2017ರಲ್ಲಿ ಹೊರಡಿಸಿದ ನೈತಿಕ ಮಾರ್ಗಸೂಚಿಯಲ್ಲಿ ಇದೆಲ್ಲಕ್ಕೂ ನಿಯಮವಿದೆ. ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿಯೇ ಒಪ್ಪಿಗೆ ಪಡೆಯಬೇಕು. ಓದಲು ಬಾರದವರಿದ್ದರೆ ಯೋಜನೆಗೆ ಸಂಬಂಧವಿಲ್ಲದ ಅಕ್ಷರಸ್ಥ ಸಾಕ್ಷಿ ಇರಬೇಕು. ಸಂಗ್ರಹಿಸಿಟ್ಟ ರಕ್ತ, ಅಂಗಾಂಶಗಳ ಒಡೆತನ ಅದನ್ನು ಕೊಟ್ಟವರದೇ, ಸಂಸ್ಥೆ ಅದರ ಪಾಲಕ ಮಾತ್ರ, ಕೊಟ್ಟವರು ಬೇಡವೆಂದರೆ ಹಿಂಪಡೆಯಬಹುದು ಎಂದೂ ಅದರಲ್ಲಿ ಹೇಳಿದೆ. ಅಂದರೆ ತಮ್ಮ ಶೀತಲಪೆಟ್ಟಿಗೆಯಲ್ಲಿರುವ ಆ ಕೊಳವೆ ಇಂದಿಗೂ ನಮ್ಮ ಅವ್ವನದು. ಈ ಮಾತನ್ನು ಅವಳಿಗೆ ಹೇಳಿದಾಗ, ನನ್ನ ರಕ್ತ ಅಲ್ಲಿ ಕೂತು ಏನು ಮಾಡ್ತಿದೆ ಅಂತ ಒಂದು ಕಾಗದ ಬರೆದು ಕೇಳು ಎಂದಳು. ಅದರಂತೆ ಬರೆಯುತ್ತಿದ್ದೇನೆ.

ಈ ಅವಧಿಯಲ್ಲಿ ನಡೆದ ಎರಡು ಘಟನೆಗಳನ್ನು ತಮ್ಮ ಗಮನಕ್ಕೆ ತರಬೇಕಾಗಿದೆ. ಶಿಬಿರ ಮುಗಿದ ಮುಂದಿನ ಆಷಾಢದಲ್ಲಿ ಅವ್ವ ಬಚ್ಚಲ ಹೊಸ್ತಿಲಲ್ಲಿ ಜಾರಿ ಬಿದ್ದು ಸೊಂಟದ ಹತ್ತಿರ ತೊಡೆಮೂಳೆ ಮುರಿದುಕೊಂಡಳು. ಹಾಸನದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆಮೇಲೆ ವ್ಯಾಯಾಮ ಮಾಡಿಸಲು ಬಂದ ಫಿಸಿಯೋಥೆರಪಿಸ್ಟ್ ಅದೇ ಬಗೆಯ ಉಪಕರಣವನ್ನು ಅವಳ ಕೈಗೆ ಕೊಟ್ಟು ನೋಡಿದರು. ಅವ್ವನಿಗೆ ಆ ಉಪಕರಣದ ಗುರುತು ಹತ್ತಿತು. ಹಿಡಿತದ ಬಲ ಹೆಂಗಸರಿಗೆ 18 ಕಿಲೋ, ಗಂಡಸರಿಗೆ 28 ಕಿಲೋಗಿಂತ ಕಡಿಮೆ ಇದ್ದರೆ ಸ್ನಾಯುಗಳು ಸೊರಗುತ್ತಿವೆ ಎಂದು ಅನುಮಾನಿಸಬೇಕೆಂದು ಏಷ್ಯಾದ ತಜ್ಞರು 2019ರಲ್ಲಿ ಮಿತಿ ಹಾಕಿದ್ದಾರೆ ಎಂದು ಅವರು ವಿವರಿಸಿದರು. ಅಂಥವರು ಬೀಳುವ ಸಂಭವ ಹೆಚ್ಚು, ಊಟದಲ್ಲಿ ಬೇಳೆ, ಮೊಟ್ಟೆ ಹೆಚ್ಚಿಸಬೇಕು, ಕುರ್ಚಿಯಿಂದ ಏಳುವ ಕೂರುವ ವ್ಯಾಯಾಮ ಮಾಡಬೇಕು, ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ ಹಾಕಿಸಬೇಕು ಎಂದರು. ಹದಿನಾರು ಒಳ್ಳೆಯದೋ ಕೆಟ್ಟದ್ದೋ ಎಂದು ಅವ್ವ ಕೇಳಿದ ಪ್ರಶ್ನೆಗೆ ಉತ್ತರ ಕೊಡಲು ಯಾವ ಪ್ರಯೋಗಾಲಯವೂ ಬೇಕಿರಲಿಲ್ಲ; ಆ ಜಗಲಿಯ ಮೇಲೆಯೇ, ಆ ಕ್ಷಣದಲ್ಲಿಯೇ ಹೇಳಬಹುದಿತ್ತು. ಹೇಳಿದ್ದರೆ ಅವಳು ಬೀಳುತ್ತಲೇ ಇರಲಿಲ್ಲ ಎಂದು ನಾನು ವಾದಿಸುವುದಿಲ್ಲ. ಬಚ್ಚಲಿಗೆ ಕಂಬಿಯನ್ನು ಮಾತ್ರ ಅಂದೇ ಹಾಕಿಸುತ್ತಿದ್ದೆ.

ಎರಡನೆಯದು ನಮ್ಮ ಪಕ್ಕದ ತೋಟದ ಲೈನ್ ಮನೆಯಲ್ಲಿರುವ, ನಾನು ಅಣ್ಣ ಎಂದು ಕರೆಯುವ ಒಬ್ಬರದು. ಅರ್ಧ ದಿನದ ಕೂಲಿ ಬಿಟ್ಟು ಬಂದು ರಕ್ತ ಕೊಟ್ಟಿದ್ದರು. ಕಳೆದ ವರ್ಷ ಕಾಲ್ಬೆರಳಿನ ಗಾಯ ಮಾಯದೆ ಕೊಳೆತು, ಆಸ್ಪತ್ರೆಗೆ ಹೋದಾಗ ಸಕ್ಕರೆ ಕಾಯಿಲೆ ಬಹಳ ಕಾಲದಿಂದ ಇದೆ ಎಂದು ತಿಳಿಯಿತು. ಎರಡು ಬೆರಳು ತೆಗೆದರು. ಒಪ್ಪಿಗೆ ಪತ್ರದಲ್ಲಿ ತಾವು ಮಾಡುವ ಪರೀಕ್ಷೆಗಳ ಪಟ್ಟಿಯಿದೆ. ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ಅದರಲ್ಲಿ ನಾಲ್ಕನೆಯದು. ಅವರ ಅಂಕಿ ತಮ್ಮ ಕಂಪ್ಯೂಟರಿನಲ್ಲಿ ಅಂದಿನಿಂದಲೂ ಇದೆ. ಅದು ಯಾರ ಅಂಕಿ ಎಂದು ಹುಡುಕಲು ಬಾರ್‌ಕೋಡ್ ಇದೆ. ಅವರಿಗೆ ತಿಳಿಸಲು ಮಾತ್ರ ವ್ಯವಸ್ಥೆಯಿಲ್ಲ ಎಂದರೆ ನಾವು ಹೇಗೆ ಒಪ್ಪುವುದು?

ತಮ್ಮ ಕ್ಷೇತ್ರದ ಚರಿತ್ರೆಯನ್ನು ಬಲ್ಲವರಿಗೆ ಈ ದೂರು ಹೊಸದಲ್ಲ. 1951ರಲ್ಲಿ ಬಾಲ್ಟಿಮೋರಿನಲ್ಲಿ 31ನೆಯ ವಯಸ್ಸಿಗೆ ಕ್ಯಾನ್ಸರಿನಿಂದ ತೀರಿಕೊಂಡ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕಪ್ಪು ಹೆಂಗಸಿನ ಜೀವಕೋಶಗಳನ್ನು ಆಕೆಯನ್ನು ಕೇಳದೆಯೇ ತೆಗೆದುಕೊಂಡರು; ಅವು ಇಂದಿಗೂ ಪ್ರಯೋಗಾಲಯಗಳಲ್ಲಿ ಮುಪ್ಪಿಲ್ಲದೆ ವಿಭಜನೆಗೊಳ್ಳುತ್ತಿವೆ. ಆಕೆಯ ಮಕ್ಕಳಿಗೆ ವಿಷಯ ತಿಳಿದದ್ದು ಇಪ್ಪತ್ತು ವರ್ಷಗಳಾದ ಮೇಲೆ. ನಾನು ಅಷ್ಟು ಮೆಚ್ಚುವ ಹೇಫ್ಲಿಕ್ ಅವರ ಹೆಸರಾಂತ ಡಬ್ಲ್ಯುಐ-38 ಜೀವಕೋಶಗಳು ಸ್ವೀಡನ್ನಿನ ಒಬ್ಬ ತಾಯಿಯ ಗರ್ಭಪಾತವಾದ ಭ್ರೂಣದಿಂದ ಬಂದವು. ಆ ತಾಯಿಯನ್ನೂ ಯಾರೂ ಕೇಳಿರಲಿಲ್ಲ.

ರಪಾಮೈಸಿನ್ ಎಂಬ ಔಷಧಿಯ ಕಥೆ ನಮ್ಮೂರಿನ ಕಥೆಗೆ ಇನ್ನೂ ಹತ್ತಿರ. 1964ರಲ್ಲಿ ಕೆನಡಾದ ಒಂದು ವೈದ್ಯಕೀಯ ತಂಡ ಪೆಸಿಫಿಕ್ ಸಾಗರದ ರಾಪಾ ನುಯಿ ದ್ವೀಪಕ್ಕೆ ಹೋಗಿ, ಅಲ್ಲಿದ್ದ ಹೆಚ್ಚುಕಡಿಮೆ ಸಾವಿರ ನಿವಾಸಿಗಳನ್ನೆಲ್ಲ ಪರೀಕ್ಷಿಸಿ, ರಕ್ತದ ಮಾದರಿಗಳ ಜೊತೆಗೆ ಮಣ್ಣಿನ ಮಾದರಿಗಳನ್ನೂ ತಂದಿತು. ಆ ಮಣ್ಣಿನ ಸೂಕ್ಷ್ಮಜೀವಿಯಿಂದ ನಮ್ಮ ದೇಶದ ಮೂಲದವರೇ ಆದ ಸುರೇಂದ್ರನಾಥ್ ಸೆಹಗಲ್ ಮತ್ತು ಅವರ ಸಂಗಡಿಗರು ಬೇರ್ಪಡಿಸಿದ ವಸ್ತುವಿಗೆ ದ್ವೀಪದ ನೆನಪಿನಲ್ಲಿ ರಪಾಮೈಸಿನ್ ಎಂದು ಹೆಸರಿಟ್ಟರು. ಮೂತ್ರಪಿಂಡದ ಕಸಿ ಮಾಡಿಸಿಕೊಂಡವರಿಗೆ 1999ರಲ್ಲಿ ಅದು ಔಷಧಿಯಾಯಿತು. 2009ರಲ್ಲಿ ಅಮೆರಿಕದ ಮೂರು ಪ್ರಯೋಗಾಲಯಗಳು, ಮನುಷ್ಯನ ಲೆಕ್ಕದಲ್ಲಿ ಅರವತ್ತಾದ ಇಲಿಗಳಿಗೆ ಅದನ್ನು ತಿನ್ನಿಸಿ ನೋಡಿದಾಗ, ದೀರ್ಘಕಾಲ ಬದುಕಿದ ಇಲಿಗಳ ಆಯುಸ್ಸು ಹೆಣ್ಣುಗಳಲ್ಲಿ ಶೇ 14, ಗಂಡುಗಳಲ್ಲಿ ಶೇ 9ರಷ್ಟು ಹೆಚ್ಚಿತು. ಮುಪ್ಪಿನ ಸಂಶೋಧನೆಯಲ್ಲಿ ಅದೊಂದು ದೊಡ್ಡ ತಿರುವು. ಆ ಮಣ್ಣಿನ ಒಡೆಯರಾದ ದ್ವೀಪದ ಜನಕ್ಕೆ ಮಾತ್ರ ಅದರ ಲಾಭದಲ್ಲಿ ಪಾಲು ಸಿಗಲಿಲ್ಲ. ಆಗ ನಿಯಮಗಳಿರಲಿಲ್ಲ ಎಂದು ಅವರ ಪರವಾಗಿ ಹೇಳಬಹುದು. ಈಗ ಇವೆ.

ಇಷ್ಟಾದರೂ ನಮ್ಮೂರಿಗೆ ಮತ್ತೆ ಬರಬೇಡಿ ಎಂದು ನಾನು ಹೇಳುವುದಿಲ್ಲ. ಮುಪ್ಪಿನ ಬಗ್ಗೆ ಜಗತ್ತಿನಲ್ಲಿ ನಡೆದಿರುವ ಅಧ್ಯಯನಗಳಲ್ಲಿ ಹೆಚ್ಚಿನವು ಐರೋಪ್ಯ ಮೂಲದ ಜನರ ದೇಹಗಳನ್ನು ಆಧರಿಸಿವೆ. ಬಾಲ್ಯದಲ್ಲಿ ಅರೆಹೊಟ್ಟೆ ಉಂಡು, ಬರಿಗಾಲಲ್ಲಿ ಕೆಸರು ತುಳಿದು, ಐದಾರು ಹೆತ್ತು, ಎಪ್ಪತ್ತರವರೆಗೂ ಗುಡ್ಡ ಹತ್ತಿ ಇಳಿದ ಹೆಂಗಸಿನ ಮೈ ಹೇಗೆ ಮುಪ್ಪಾಗುತ್ತದೆ ಎಂಬುದನ್ನು ಬಾಸ್ಟನ್ನಿನ ರಕ್ತದಿಂದ ತಿಳಿಯಲಾಗದು. 2017-18ರಲ್ಲಿ 45 ವರ್ಷ ದಾಟಿದ ಸುಮಾರು 72,000 ಭಾರತೀಯರನ್ನು ಮುಟ್ಟಿದ ರಾಷ್ಟ್ರೀಯ ಸಮೀಕ್ಷೆ ನಡೆಯಿತು. ನಮ್ಮ ರಾಜ್ಯದಲ್ಲಿಯೇ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗರನ್ನು ವರ್ಷಾನುವರ್ಷ ಅನುಸರಿಸುತ್ತ ಅಧ್ಯಯನ ಮಾಡುತ್ತಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಾಯುಷ್ಯದ ಸಂಶೋಧನೆಗೆಂದೇ 2024ರಲ್ಲಿ ಒಂದು ಯೋಜನೆ ಆರಂಭವಾಗಿದೆ. ನನ್ನ ದೂರು ಇವರಾರ ಮೇಲೂ ಅಲ್ಲ; ಈ ಕೆಲಸಗಳ ಬಗ್ಗೆ ಓದಿದಾಗ ನನಗೆ ಹೆಮ್ಮೆಯೇ ಆಗುತ್ತದೆ. ಇಂಥ ಕೆಲಸ ನಡೆಯಬೇಕಾದರೆ ಹಳ್ಳಿಯ ಹಿರಿಯರು ಇನ್ನೂ ಹತ್ತಿಪ್ಪತ್ತು ವರ್ಷ ತೋಳು ಚಾಚಬೇಕು. ನಮ್ಮೂರಿನಲ್ಲಿ ಈಗ ಯಾರೂ ಚಾಚುವುದಿಲ್ಲ. ಕಳೆದ ಬೇಸಿಗೆಯಲ್ಲಿ ಆಶಾ ಕಾರ್ಯಕರ್ತೆ ಸರ್ಕಾರದ ಸಕ್ಕರೆ, ರಕ್ತದೊತ್ತಡದ ತಪಾಸಣೆಗೆ ಕರೆದಾಗ ಹತ್ತು ಮನೆಯವರು, ಮತ್ತೆ ರಕ್ತ ತಗೊಂಡು ಮಾಯವಾಗ್ತೀರಾ ಎಂದು ಕೇಳಿ ಬಾಗಿಲು ಹಾಕಿಕೊಂಡರು. ತಮ್ಮ ತಂಡದ ಮೇಲಿನ ಅಪನಂಬಿಕೆಯ ಬೆಲೆಯನ್ನು ತಿಂಗಳಿಗೆ ಕೆಲವೇ ಸಾವಿರ ಗೌರವಧನಕ್ಕೆ ದುಡಿಯುವ ಆ ಹೆಣ್ಣುಮಗಳು ತೆರುತ್ತಿದ್ದಾಳೆ.

ಸತ್ಯ ಹೇಳಲು ತಾವು ಬರದೆ ಹೋದ ಜಾಗಕ್ಕೆ ಬೇರೆಯವರು ಬಂದರು ಎಂಬುದನ್ನೂ ಹೇಳಬೇಕು. ಮೂರು ತಿಂಗಳ ಹಿಂದೆ ಒಂದು ವ್ಯಾನು ಸಂತೆಯಲ್ಲಿ ನಿಂತು, ಜೀವಕೋಶಗಳ ವಯಸ್ಸನ್ನು ಇಳಿಸುವ ಮಾತ್ರೆ ಎಂದು ಡಬ್ಬಿಯೊಂದಕ್ಕೆ 2,400 ರೂಪಾಯಿಯಂತೆ ಮಾರಿತು. ಟೆಲೊಮಿಯರ್ ಎಂಬ ಪದವನ್ನೂ ಬಳಸಿದರು, ಇಲಿಯ ಚಿತ್ರವನ್ನೂ ತೋರಿಸಿದರು. ಇಲಿಯಲ್ಲಿ ಕಂಡದ್ದು ಮನುಷ್ಯನಲ್ಲಿ ಸಾಬೀತಾಗಿಲ್ಲ, ಮನುಷ್ಯನ ಆಯುಸ್ಸನ್ನು ಹೆಚ್ಚಿಸುತ್ತದೆಂದು ಸಿದ್ಧವಾದ ಮಾತ್ರೆ ಇಂದಿಗೂ ಯಾವುದೂ ಇಲ್ಲ ಎಂದು ನಾನು ಅಲ್ಲಿಯೇ ನಿಂತು ಹೇಳಿದೆ. ನನ್ನ ಮಾತನ್ನು ಯಾರು ನಂಬುತ್ತಾರೆ? ವರದಿ ಬರುತ್ತದೆ ಎಂದು ಹೇಳಿದವಳೂ ನಾನೇ ಅಲ್ಲವೇ?

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. 34 ಮಂದಿಯ ಪ್ರತಿಯೊಂದು ಪರೀಕ್ಷೆಯ ಫಲಿತಾಂಶವನ್ನು, ಅದು ಒಳ್ಳೆಯದೋ ಕೆಟ್ಟದ್ದೋ ಎಂಬ ಒಂದು ಸಾಲಿನ ವಿವರಣೆಯೊಂದಿಗೆ, ಕನ್ನಡದಲ್ಲಿ ಬರೆದು ಕೊಡಬೇಕು. ಹಿರಿಯರ ಆರೋಗ್ಯಕ್ಕೆಂದು 2010ರಿಂದ ಇರುವ ರಾಷ್ಟ್ರೀಯ ಕಾರ್ಯಕ್ರಮದ ಪ್ರಕಾರ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಾರಕ್ಕೊಮ್ಮೆ ವೃದ್ಧರ ಚಿಕಿತ್ಸಾಲಯ ನಡೆಯಬೇಕು. ತಮ್ಮ ವೈದ್ಯರೊಬ್ಬರು ಅಂಥ ಒಂದು ದಿನ ಬಂದು ಕೂತು ಒಬ್ಬೊಬ್ಬರಿಗೂ ಓದಿ ಹೇಳಿದರೆ ಸಾಕು. ಜೀವಕೋಶಗಳ ವಯಸ್ಸಿನ ಅಂಕಿಗಳು ಇನ್ನೂ ಸಂಶೋಧನೆಯ ಹಂತದಲ್ಲಿವೆ, ಅವನ್ನು ಹೇಳಿ ಜನರನ್ನು ಗಾಬರಿಪಡಿಸಬಾರದು ಎಂದು ತಾವು ಹೇಳಿದರೆ ಅದನ್ನು ನಾನು ಒಪ್ಪುತ್ತೇನೆ. ಸಕ್ಕರೆ, ರಕ್ತಹೀನತೆ, ಮೂತ್ರಪಿಂಡ, ಹಿಡಿತದ ಬಲ ಇವುಗಳಿಗೆ ಆ ಮಾತು ಅನ್ವಯಿಸುವುದಿಲ್ಲ.

ರಕ್ತದ ಮಾದರಿಗಳು ಈಗ ಎಲ್ಲಿವೆ, ಯಾರೊಡನೆ ಹಂಚಿಕೊಂಡಿದ್ದೀರಿ ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ಇಂಗ್ಲಿಷಿನ ಏಳನೆಯ ಪುಟವನ್ನು ಕನ್ನಡದಲ್ಲಿ ಓದಿ ಹೇಳಿ ಮತ್ತೊಮ್ಮೆ ಒಪ್ಪಿಗೆ ಕೇಳಬೇಕು. ಬೇಡವೆಂದವರ ಮಾದರಿಯನ್ನು ತೆಗೆದುಹಾಕಬೇಕು. ವಯಸ್ಸಿನ ಕಾಲಂ ಅನ್ನು ತಿದ್ದದೆ ಈ 34 ಮಂದಿಯ ಅಂಕಿಗಳನ್ನು ಯಾವ ಪ್ರಬಂಧದಲ್ಲಿಯೂ ಬಳಸಬಾರದು. ಅದಕ್ಕೆ ಬೇಕಾದ ಘಟನೆಗಳ ಪಟ್ಟಿಯನ್ನು ಮಾಡಿಕೊಡಲು, ಒಬ್ಬೊಬ್ಬರ ಮನೆಗೂ ತಮ್ಮವರ ಜೊತೆ ಬರಲು ನಾನು ಸಿದ್ಧಳಿದ್ದೇನೆ. ಮುಂದೆ ಯಾವುದೇ ಊರಿಗೆ ಹೋಗುವ ಮೊದಲು ಗ್ರಾಮಸಭೆಯಲ್ಲಿ ವಿಷಯವನ್ನು ಕನ್ನಡದಲ್ಲಿ ವಿವರಿಸಬೇಕು, ಕೂಲಿ ಬಿಟ್ಟು ಬರುವವರಿಗೆ ಆ ದಿನದ ಕೂಲಿಯನ್ನು ಯೋಜನೆಯ ಹಣದಿಂದ ಕೊಡಬೇಕು.

ನೈತಿಕ ಸಮಿತಿಯ ಅಧ್ಯಕ್ಷರಲ್ಲಿ ಪ್ರತ್ಯೇಕವಾಗಿ ಒಂದು ಮಾತು. ತಾವು ಅನುಮತಿ ಕೊಟ್ಟದ್ದು ಕಡತದಲ್ಲಿದ್ದ ಅಧ್ಯಯನಕ್ಕೆ. ನಮ್ಮ ಶಾಲೆಯ ಜಗಲಿಯಲ್ಲಿ ನಡೆದದ್ದು ಅದೇನಾ ಎಂದು ನೋಡಲು ಸಮಿತಿಯ ಒಬ್ಬ ಸದಸ್ಯರಾದರೂ ಒಮ್ಮೆ ಬನ್ನಿ. ಹೆಬ್ಬೆಟ್ಟು ಒತ್ತಿದ 21 ಮಂದಿಯಲ್ಲಿ ಯಾರನ್ನು ಬೇಕಾದರೂ ಕೂರಿಸಿಕೊಂಡು, ನೀವು ಯಾವುದಕ್ಕೆ ಒಪ್ಪಿದ್ದಿರಿ ಎಂದು ಕೇಳಿ.

ಶಿಬಿರದ ದಿನ ತಮ್ಮವರು ರಕ್ತದ ಕೊಳವೆಗೆ ಅಂಟಿಸಿದ ಬಾರ್‌ಕೋಡಿನ ಇನ್ನೊಂದು ಪ್ರತಿಯನ್ನು ಚಿಕ್ಕ ಚೀಟಿಯ ಮೇಲೆ ಅಂಟಿಸಿ, ವರದಿ ಬಂದಾಗ ಇದನ್ನು ತೋರಿಸಿ ಎಂದು ಎಲ್ಲರಿಗೂ ಕೊಟ್ಟಿದ್ದರು. ಅವ್ವ ತನ್ನ ಚೀಟಿಯನ್ನು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟುಕೊಂಡಿದ್ದಾಳೆ. ಈ ಪತ್ರ ಬರೆಯುವ ಮೊದಲು ನಾನು ಮನೆ ಮನೆಗೆ ಹೋಗಿ ಕೇಳಿದೆ. 34 ಮಂದಿಯಲ್ಲಿ ನಾಲ್ವರು ತೀರಿಕೊಂಡಿದ್ದಾರೆ. ಉಳಿದ 30 ಮಂದಿಯಲ್ಲಿ 27 ಮಂದಿಯ ಚೀಟಿಗಳು ಇನ್ನೂ ಅವರವರ ಬಳಿ ಇವೆ. ತೀರಿಕೊಂಡವರಲ್ಲಿ ಇಬ್ಬರ ಚೀಟಿಗಳನ್ನು ಅವರ ಮಕ್ಕಳು ತಂದುಕೊಟ್ಟಿದ್ದಾರೆ. ಈ 29 ಸಂಖ್ಯೆಗಳನ್ನು ಬರೆದು, ಅವರ ಒಪ್ಪಿಗೆ ಪಡೆದು, ಮುಚ್ಚಿದ ಲಕೋಟೆಯಲ್ಲಿ ತಮ್ಮ ಕಚೇರಿಗೆ ಮತ್ತೊಮ್ಮೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದ್ದೇನೆ. ತಮ್ಮ ಉತ್ತರಕ್ಕಾಗಿ ಕಾಯುತ್ತಿರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,

ನಿವೃತ್ತ ಜೀವಶಾಸ್ತ್ರ ಉಪನ್ಯಾಸಕಿ
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ